ಪ್ರೀಸ್ಟ್ಲಿಯ ಮೇಣದಬತ್ತಿ

ಜೋಸೆಫ್ ಪ್ರೀಸ್ಟ್ಲಿ ಅಂದರೆ ನಮ್ಮಲ್ಲಿ ಬಹುತೇಕರಿಗೆ ಒಂದು ಅಂಕದ ಪ್ರಶ್ನೆ. ಆಮ್ಲಜನಕವನ್ನು ಕಂಡುಹಿಡಿದವರು ಯಾರು ಎಂದು ಕೇಳಿದರೆ ಅವರ ಹೆಸರು ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಎಫ್‌ಡಿಎ, ಎಸ್‌ಡಿಎ, ಕಾನ್‌ಸ್ಟೆಬಲ್ ಪರೀಕ್ಷೆಗೆ ಕುಳಿತವರಿಗೂ ಅಷ್ಟೇ ಸಾಕು. ಚನ್ನಪಟ್ಟಣದಲ್ಲಿ ಬಿ.ಎಸ್ಸಿ. ಮುಗಿಸುವವರೆಗೆ ನನಗೂ ಅಷ್ಟೇ ಸಾಕಾಗಿತ್ತು. ಕೆಲಸ ಹುಡುಕಿ ಹುಡುಕಿ, ಕೊನೆಗೆ ರಾಮನಗರದಲ್ಲಿ ಆಕ್ಸಿಜನ್ ಸಿಲಿಂಡರ್, ಕಾನ್ಸನ್‌ಟ್ರೇಟರ್ ಬಾಡಿಗೆಗೆ ಕೊಡುವ ಅಂಗಡಿ ಸೇರಿದ ಮೇಲೆ ಈ ಮನುಷ್ಯ ನನಗೆ ದಿನಾ ಬೇಕಾಗತೊಡಗಿದರು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ಕಡೆ ನಮ್ಮ ಗಾಡಿ ಹೋಗುತ್ತದೆ. ಆಸ್ಪತ್ರೆಯಿಂದ ಮನೆಗೆ ಬಂದರೂ ಆಕ್ಸಿಜನ್ ಬಿಡಲಾಗದವರ ಮನೆಗಳು ಅವು. ಗೂಡು ಬೇಯಿಸುವ ಹಬೆಯಲ್ಲೂ ಸೌದೆಯ ಹೊಗೆಯಲ್ಲೂ ವರ್ಷಗಟ್ಟಲೆ ನೂಲು ತೆಗೆದವರು, ಕ್ರಷರ್ ದೂಳು ಕುಡಿದವರು, ಒಲೆ ಊದಿ ಊದಿ ಎದೆ ಸೋತ ಅಜ್ಜಿಯರು, ಬೀಡಿ ಬಿಡದ ತಾತಂದಿರು. ಸಿಲಿಂಡರ್ ಇಳಿಸಿ, ರೆಗ್ಯುಲೇಟರ್ ಕೂರಿಸಿ, ಹೇಗೆ ಬಳಸಬೇಕೆಂದು ಮನೆಯವರಿಗೆ ಹೇಳಿಕೊಡುವುದು ನನ್ನ ಪಾಲಿನ ಕೆಲಸ. ನಿಯಮಗಳ ಪಟ್ಟಿ ಓದಿದರೆ ಎಲ್ಲರೂ ತಲೆಯಾಡಿಸುತ್ತಾರೆ, ನಾನು ಗಾಡಿ ಹತ್ತುವಷ್ಟರಲ್ಲಿ ಮರೆತಿರುತ್ತಾರೆ. ಕತೆ ಹೇಳಿದರೆ ಕೇಳುತ್ತಾರೆ. ಹಾಗೆ ಹೇಳಲೆಂದೇ ನಾನು ಪ್ರೀಸ್ಟ್ಲಿಯನ್ನು ಓದಿಕೊಂಡೆ.

ಅವರು ಹುಟ್ಟಿದ್ದು 1733ರಲ್ಲಿ, ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ. ತಂದೆ ಬಟ್ಟೆ ಹದಗೊಳಿಸುವ ಕಸುಬಿನವರು. ಆರು ಮಕ್ಕಳಲ್ಲಿ ಇವರೇ ಹಿರಿಯರು. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡರು, ಸೋದರತ್ತೆ ಸಾಕಿದರು. ಹುಡುಗನಿಗೆ ಓದು ಅಂದರೆ ಪ್ರಾಣ, ಭಾಷೆಗಳನ್ನು ಒಂದರ ಮೇಲೊಂದು ಕಲಿತ. ಆದರೆ ಮಾತನಾಡಲು ಹೋದರೆ ಉಗ್ಗು. ಮನೆಯವರು ಇಂಗ್ಲೆಂಡಿನ ಅಧಿಕೃತ ಚರ್ಚಿಗೆ ಸೇರದ ಪಂಥದವರು. ಅಂಥವರಿಗೆ ಆಕ್ಸ್‌ಫರ್ಡ್, ಕೇಂಬ್ರಿಜ್‌ನ ಪದವಿ ಸಿಗುತ್ತಿರಲಿಲ್ಲ. ಹಾಗಾಗಿ ಡಾವೆಂಟ್ರಿ ಎಂಬ ಊರಿನಲ್ಲಿ ತಮ್ಮವರೇ ನಡೆಸುತ್ತಿದ್ದ ವಿದ್ಯಾಲಯದಲ್ಲಿ ಓದಿದರು.

1755ರಲ್ಲಿ ಸಿಕ್ಕ ಮೊದಲ ಕೆಲಸ ನೀಡಮ್ ಮಾರ್ಕೆಟ್ ಎಂಬ ಸಣ್ಣ ಊರಿನ ಪಾದ್ರಿಗಿರಿ. ಉಗ್ಗುವವರ ಉಪದೇಶ ಕೇಳಲು ಜನ ಬರುವುದು ಕಡಿಮೆಯಾಯಿತು, ಅವರ ಧಾರ್ಮಿಕ ವಿಚಾರಗಳೂ ಊರಿಗೆ ಒಗ್ಗಲಿಲ್ಲ. ಸಂಬಳ ಅತ್ತ ಹೊಟ್ಟೆಗೂ ಆಗದು, ಇತ್ತ ಬಟ್ಟೆಗೂ ಆಗದು. ಮೂರು ವರ್ಷದ ನಂತರ ನಾಂಟ್‌ವಿಚ್ ಎಂಬ ಊರಿಗೆ ಹೋಗಿ ಶಾಲೆ ಆರಂಭಿಸಿದ ಮೇಲೆ ಬದುಕು ಒಂದು ದಾರಿಗೆ ಬಂತು. ಅಲ್ಲಿ ಉಳಿಸಿದ ಹಣದಲ್ಲಿ ಒಂದು ಗಾಳಿ ಪಂಪನ್ನೂ ಒಂದು ವಿದ್ಯುತ್ ಯಂತ್ರವನ್ನೂ ಕೊಂಡು ಮಕ್ಕಳ ಕೈಗೆ ಕೊಟ್ಟರು. ನಮ್ಮ ಕಾಲೇಜಿನ ಲ್ಯಾಬಿನ ಬೀಗವನ್ನು ನೆನೆದರೆ ಆ ಮಕ್ಕಳ ಮೇಲೆ ನನಗೆ ಸಣ್ಣ ಹೊಟ್ಟೆಕಿಚ್ಚು.

ಮುಂದೆ ವಾರಿಂಗ್ಟನ್‌ನಲ್ಲಿ ಅಧ್ಯಾಪಕರಾದರು, 1762ರಲ್ಲಿ ಮೇರಿ ವಿಲ್ಕಿನ್‌ಸನ್ ಅವರನ್ನು ಮದುವೆಯಾದರು. ಲಂಡನ್ನಿನಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಪರಿಚಯವಾಯಿತು. ಅವರ ಪ್ರೋತ್ಸಾಹದಿಂದ ವಿದ್ಯುತ್ತಿನ ಇತಿಹಾಸ ಬರೆದು 1767ರಲ್ಲಿ ಪ್ರಕಟಿಸಿದರು. ಅದೇ ವರ್ಷ ಲೀಡ್ಸ್ ನಗರಕ್ಕೆ ಪಾದ್ರಿಯಾಗಿ ಹೋದರು. ಮನೆಯ ಪಕ್ಕದಲ್ಲೇ ಬಿಯರ್ ತಯಾರಿಸುವ ಕಾರ್ಖಾನೆ. ಹುಳಿಯುತ್ತಿರುವ ತೊಟ್ಟಿಯ ಮೇಲೆ ನಿಂತ ಗಾಳಿಯಲ್ಲಿ ದೀಪ ಆರಿಹೋಗುತ್ತಿತ್ತು. ಇಂದು ನಾವು ಇಂಗಾಲದ ಡೈಆಕ್ಸೈಡ್ ಎನ್ನುವುದು ಅದೇ. ಅದನ್ನು ನೀರಿಗೆ ಬೆರೆಸಿ ಅವರು ಮಾಡಿದ ಪಾನೀಯವೇ ಸೋಡಾ. ಬಸ್ ಸ್ಟ್ಯಾಂಡಿನಲ್ಲಿ ಗೋಲಿ ಸೋಡಾ ಒಡೆಯುವಾಗ ಯಾರಿಗೂ ಅವರ ನೆನಪಾಗುವುದಿಲ್ಲ, ಅದರಿಂದ ಅವರು ಹಣವನ್ನೂ ಮಾಡಲಿಲ್ಲ.

1771ರ ಆಗಸ್ಟ್ 17ರಂದು ಮಾಡಿದ ಪ್ರಯೋಗ ಇನ್ನೂ ಚೆಂದದ್ದು. ಮೇಣದಬತ್ತಿ ಉರಿದು ಆರಿದ ಗಾಳಿಯಲ್ಲಿ ಒಂದು ಪುದೀನ ಕಡ್ಡಿ ಇಟ್ಟರು. ಹತ್ತು ದಿನ ಬಿಟ್ಟು ನೋಡಿದರೆ ಅದೇ ಗಾಳಿಯಲ್ಲಿ ಮತ್ತೊಂದು ಬತ್ತಿ ಚೆನ್ನಾಗಿ ಉರಿಯಿತು. ಬೆಂಕಿಯೂ ಉಸಿರೂ ಕೆಡಿಸಿದ ಗಾಳಿಯನ್ನು ಗಿಡ ಸರಿಮಾಡುತ್ತದೆಂದು ಜಗತ್ತಿಗೆ ತಿಳಿಯತೊಡಗಿದ್ದು ಹೀಗೆ.

1773ರಲ್ಲಿ ಶೆಲ್‌ಬರ್ನ್ ಎಂಬ ಶ್ರೀಮಂತ ರಾಜಕಾರಣಿ ವರ್ಷಕ್ಕೆ 250 ಪೌಂಡ್ ಸಂಬಳ ಕೊಟ್ಟು ತನ್ನ ಬಳಿಗೆ ಕರೆಸಿಕೊಂಡ. ಗ್ರಂಥಾಲಯ ನೋಡಿಕೊಳ್ಳುವುದು, ಮಕ್ಕಳ ಓದಿಗೆ ನೆರವಾಗುವುದು, ಉಳಿದ ಹೊತ್ತು ಪ್ರಯೋಗ. 1774ರ ಆಗಸ್ಟ್ 1ರಂದು, ಹನ್ನೆರಡು ಅಂಗುಲ ಅಗಲದ ಮಸೂರದಿಂದ ಬಿಸಿಲನ್ನು ಒಂದೆಡೆ ಸೇರಿಸಿ, ಪಾದರಸದ ಕೆಂಪು ಪುಡಿಯನ್ನು ಕಾಯಿಸಿದರು. ಗಾಳಿಯಂಥದ್ದೇನೋ ಹೊರಬಂತು. ಅದರೊಳಗೆ ಉರಿವ ಮೇಣದಬತ್ತಿ ಇಟ್ಟರು. ಮೊದಲು ನೋಡಿದ್ದ ಗಾಳಿಯಲ್ಲಿ ಬತ್ತಿ ಆರುತ್ತಿತ್ತು, ಇದರಲ್ಲಿ ಆರುವ ಬದಲು ಜ್ವಾಲೆ ಬೆರಗಾಗುವಷ್ಟು ಜೋರಾಯಿತು. ಏನಿದು ಎಂದು ಅವರಿಗೇ ಅರ್ಥವಾಗಲಿಲ್ಲ.

ಮನೆಗಳಲ್ಲಿ ಕತೆ ಹೇಳುವಾಗ ನಾನು ನಿಲ್ಲಿಸುವುದು ಇಲ್ಲಿ. ಆಕ್ಸಿಜನ್ ಅಂದರೆ ಗ್ಯಾಸ್ ಸಿಲಿಂಡರಿನಂತೆ ತಾನೇ ಹೊತ್ತಿಕೊಳ್ಳುತ್ತದೆಂದು ಕೆಲವರು ಹೆದರುತ್ತಾರೆ. ಬರೀ ಗಾಳಿ ತಾನೇ ಎಂದು ಇನ್ನು ಕೆಲವರು ಧೈರ್ಯವಾಗಿರುತ್ತಾರೆ. ಎರಡೂ ಸರಿಯಲ್ಲ. ಆಕ್ಸಿಜನ್ ತಾನು ಉರಿಯುವುದಿಲ್ಲ, ಉರಿಯುವುದನ್ನು ಉರಿಸುತ್ತದೆ. ನಾವು ಉಸಿರಾಡುವ ಗಾಳಿಯಲ್ಲಿ ಅದು 21 ಭಾಗ ಮಾತ್ರ. ಹಾಸಿಗೆಯ ಸುತ್ತ ಆ ಪಾಲು ಸ್ವಲ್ಪ ಏರಿದರೂ ಬಟ್ಟೆ, ಕಂಬಳಿ, ತಲೆಗೂದಲು ಎಂದಿಗಿಂತ ಬೇಗ ಹೊತ್ತಿಕೊಳ್ಳುತ್ತವೆ, ಆರಿಸಲು ಕಷ್ಟವಾಗುತ್ತದೆ. ಮೂಗಿನ ನಳಿಕೆ ತೆಗೆದು ದಿಂಬಿನ ಮೇಲೆ ಹಾಗೇ ಇಟ್ಟರೆ ಅದು ಹಾಸಿಗೆಗೆ ಆಕ್ಸಿಜನ್ ತುಂಬುತ್ತಲೇ ಇರುತ್ತದೆ. ನಿಲ್ಲಿಸಿದ ಮೇಲೂ ಬಟ್ಟೆಯಲ್ಲಿ ಕೆಲ ಹೊತ್ತು ಉಳಿಯುತ್ತದೆ. ಆದ್ದರಿಂದ ಬೆಂಕಿ ಕನಿಷ್ಠ ಹತ್ತು ಅಡಿ ದೂರ ಇರಬೇಕು. ಆಕ್ಸಿಜನ್ ತೆಗೆದುಕೊಂಡವರು ಒಲೆಯ ಬಳಿ ಹೋಗುವ ಮುನ್ನ ಅದನ್ನು ಆಫ್ ಮಾಡಿ ಇಪ್ಪತ್ತು ನಿಮಿಷವಾದರೂ ಬಯಲು ಗಾಳಿಯಲ್ಲಿ ಇರಬೇಕು.

ಬೆಂಕಿ ಅಂದರೆ ಜನ ಒಲೆಯನ್ನಷ್ಟೇ ಎಣಿಸುತ್ತಾರೆ. ನಮ್ಮ ಮನೆಗಳಲ್ಲಿ ಬೆಂಕಿ ಎಷ್ಟು ರೂಪದಲ್ಲಿದೆ ನೋಡಿ: ದೇವರ ದೀಪ, ಊದುಬತ್ತಿ, ಕರ್ಪೂರ, ಸೊಳ್ಳೆ ಬತ್ತಿ, ಮಗುವಿಗೆ ಹಾಕುವ ಸಾಂಬ್ರಾಣಿ, ಕರೆಂಟ್ ಹೋದಾಗಿನ ಮೋಂಬತ್ತಿ, ಬೀಡಿ. ಮಾಗಡಿ ಕಡೆಯ ಒಂದು ಹಳ್ಳಿಯಲ್ಲಿ ಅಜ್ಜಿಯ ಮಂಚ ಇದ್ದದ್ದೇ ದೇವರ ಗೂಡಿನ ಕೆಳಗೆ. ದೀಪ ಬೇಡ ಎಂದರೆ ಉಸಿರೇ ಬೇಡ ಎಂದುಬಿಟ್ಟರು. ಸಾಯುವ ಕಾಲಕ್ಕೆ ದೇವರನ್ನು ಕತ್ತಲಲ್ಲಿಡುವುದೇ ಎಂಬ ನೋವು ಅವರದು, ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ನನಗೆ ಬಾಯಿ ಬರಲಿಲ್ಲ. ಮೇಣದಬತ್ತಿಯ ಕತೆ ಹೇಳಿದೆ. ಪೂರ್ತಿ ಕೇಳಿದರು. ಆಮೇಲೆ ಸೊಸೆಯನ್ನು ಕರೆದು, ದೀಪವನ್ನು ಅಂಗಳದ ತುಳಸಿಕಟ್ಟೆಗೆ ಒಯ್ಯಲು ತಾವೇ ಹೇಳಿದರು. ಮಂಚವನ್ನು ಕಿಟಕಿಯ ಬಳಿಗೆ ಎಳೆದೆವು, ಅಲ್ಲಿಂದ ತುಳಸಿಕಟ್ಟೆ ಕಾಣುತ್ತಿತ್ತು.

ಇದು ಹಳ್ಳಿಯವರ ಅರಿವಿನ ಕೊರತೆ ಎಂದು ಯಾರೂ ತಿಳಿಯಬೇಕಿಲ್ಲ. 1967ರ ಜನವರಿ 27ರಂದು ಅಮೆರಿಕದ ಅಪೊಲೊ 1 ನೌಕೆಯಲ್ಲಿ ನೆಲದ ಮೇಲೆ ತಾಲೀಮು ನಡೆಯುತ್ತಿತ್ತು. ಒಳಗೆ ತುಂಬಿದ್ದುದು ಶುದ್ಧ ಆಮ್ಲಜನಕ. ಒಂದು ಕಿಡಿಗೆ ಮೂವರು ಗಗನಯಾತ್ರಿಗಳು ಬಲಿಯಾದರು. ಅವರಿಗಿಂತ ವಿಜ್ಞಾನ ಬಲ್ಲವರು ಯಾರಿದ್ದರು? 2021ರ ಏಪ್ರಿಲ್‌ನಲ್ಲಿ ಬಾಗ್ದಾದಿನ ಕೋವಿಡ್ ಆಸ್ಪತ್ರೆಯಲ್ಲಿ ಆಕ್ಸಿಜನ್ ಸಿಲಿಂಡರ್‌ಗಳಿಂದ ಹಬ್ಬಿದ ಬೆಂಕಿಗೆ 80ಕ್ಕೂ ಹೆಚ್ಚು ಜನ ಸತ್ತರು.

ಪ್ರೀಸ್ಟ್ಲಿಗೆ ಮರಳುತ್ತೇನೆ. ಆ ವರ್ಷದ ಅಕ್ಟೋಬರ್‌ನಲ್ಲಿ ಪ್ಯಾರಿಸ್ಸಿಗೆ ಹೋದಾಗ ಊಟದ ಮೇಜಿನಲ್ಲಿ ಲವಾಸಿಯೆಗೆ ಈ ಹೊಸ ಗಾಳಿಯ ವಿಷಯ ಹೇಳಿದರು. ಮರುವರ್ಷ ಮಾರ್ಚ್‌ನಲ್ಲಿ ಒಂದು ಇಲಿಯನ್ನು ಆ ಗಾಳಿ ತುಂಬಿದ ಗಾಜಿನ ಪಾತ್ರೆಯಲ್ಲಿಟ್ಟರು. ಮಾಮೂಲಿ ಗಾಳಿಯಾಗಿದ್ದರೆ ಕಾಲು ಗಂಟೆ ಬದುಕಬಹುದಿದ್ದ ಇಲಿ ಅರ್ಧ ಗಂಟೆಯಾದರೂ ಸಾಯಲಿಲ್ಲ, ಹೊರಗೆ ತೆಗೆದ ಮೇಲೆ ಚೇತರಿಸಿಕೊಂಡಿತು. ಆಮೇಲೆ ಗಾಜಿನ ನಳಿಕೆಯಿಂದ ತಾವೇ ಸೇದಿ ನೋಡಿದರು. ಎದೆ ಹಗುರವಾದಂತೆ ಅನಿಸಿತು. ಶ್ವಾಸಕೋಶ ಕೆಟ್ಟವರಿಗೆ ಇದು ಮದ್ದಾದೀತು ಎಂದು ಅಂದೇ ಬರೆದರು. ಜೊತೆಗೆ ಒಂದು ಅಳುಕನ್ನೂ ಸೇರಿಸಿದರು: ಮೇಣದಬತ್ತಿ ಇದರಲ್ಲಿ ಬೇಗ ಉರಿದು ಮುಗಿಯುವಂತೆ ಆರೋಗ್ಯವಂತರ ಬದುಕೂ ಬೇಗ ಉರಿದುಹೋದೀತೇನೋ ಎಂದು.

ಈ ಅಳುಕು ನನಗೆ ಅವರ ಇಡೀ ಶೋಧದಷ್ಟೇ ದೊಡ್ಡದಾಗಿ ಕಾಣುತ್ತದೆ. ಮದ್ದು ಕಂಡ ಗಳಿಗೆಯಲ್ಲೇ ಅದರ ಅಳತೆಯನ್ನೂ ಚಿಂತಿಸಿದವರು ಎಷ್ಟು ಮಂದಿ? 1940–50ರ ದಶಕಗಳಲ್ಲಿ ತಿಂಗಳು ತುಂಬದೆ ಹುಟ್ಟಿದ ಮಕ್ಕಳಿಗೆ ಧಾರಾಳವಾಗಿ ಆಕ್ಸಿಜನ್ ಕೊಟ್ಟು, ಜಗತ್ತಿನಾದ್ಯಂತ ಸುಮಾರು 10,000 ಮಕ್ಕಳು ಕಣ್ಣು ಕಳೆದುಕೊಂಡರು. ಗಾಯಕ ಸ್ಟೀವಿ ವಂಡರ್ ಅವರ ಕಣ್ಣು ಹೋದದ್ದೂ ಹಾಗೆಯೇ. ನಮ್ಮ ಊರುಗಳಲ್ಲಿ ಹೊಗೆಯಿಂದ ಶ್ವಾಸಕೋಶ ಕೆಟ್ಟು ಸಿಒಪಿಡಿ ಬಂದವರಲ್ಲಿ ಕೆಲವರಿಗೆ ಆಕ್ಸಿಜನ್ ಹೆಚ್ಚಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ, ಮಂಪರು ಕವಿದು, ಪ್ರಜ್ಞೆ ತಪ್ಪುವ ಅಪಾಯವಿದೆ. ಅಂಥವರಿಗೆ ವೈದ್ಯರು ಬೆರಳಿನ ಮೀಟರಿನಲ್ಲಿ ಸಾಮಾನ್ಯವಾಗಿ 88ರಿಂದ 92 ಇದ್ದರೆ ಸಾಕು ಎನ್ನುತ್ತಾರೆ. ಅಕ್ಕಪಕ್ಕದವರು ಬಂದು 90 ಕಂಡು ಗಾಬರಿಯಾಗಿ, ಎರಡು ಲೀಟರ್ ಇದ್ದದ್ದನ್ನು ಐದಕ್ಕೆ ತಿರುಗಿಸಿಬಿಡುತ್ತಾರೆ, ಪ್ರೀತಿಯಿಂದಲೇ. ಚೀಟಿಯಲ್ಲಿ ಬರೆದ ಲೀಟರು ಮಾತ್ರೆಯ ಲೆಕ್ಕದಂತೆಯೇ, ಬದಲಾಯಿಸಬೇಕಾದರೆ ವೈದ್ಯರನ್ನೇ ಕೇಳಬೇಕು ಎಂದು ನಾನು ಪ್ರತಿ ಮನೆಯಲ್ಲೂ ಎರಡು ಸಲ ಹೇಳುತ್ತೇನೆ. ಹಾಗೆಂದು ಹೆದರಿ ನಿಲ್ಲಿಸುವುದೂ ತಪ್ಪು. ಆಕ್ಸಿಜನ್ ತೀರಾ ಕಡಿಮೆಯಿರುವ ಸಿಒಪಿಡಿ ರೋಗಿಗಳು ದಿನಕ್ಕೆ 15 ಗಂಟೆಗೂ ಹೆಚ್ಚು ತೆಗೆದುಕೊಂಡರೆ ಆಯುಸ್ಸು ಹೆಚ್ಚುತ್ತದೆಂದು 1980ರ ಹೊತ್ತಿಗೆ ಅಮೆರಿಕ, ಬ್ರಿಟನ್‌ಗಳ ಅಧ್ಯಯನಗಳು ತೋರಿಸಿದವು.

ಪ್ರೀಸ್ಟ್ಲಿಯ ವಿಚಿತ್ರವೆಂದರೆ, ತಾವು ಕಂಡದ್ದು ಏನೆಂದು ಅವರು ಕೊನೆಯವರೆಗೂ ಒಪ್ಪಲಿಲ್ಲ. ಉರಿಯುವ ವಸ್ತುವಿನಿಂದ ಫ್ಲಾಜಿಸ್ಟನ್ ಎಂಬುದು ಹೊರಬರುತ್ತದೆ ಎಂಬ ಹಳೆಯ ಸಿದ್ಧಾಂತಕ್ಕೇ ಅಂಟಿಕೊಂಡರು. ಆಕ್ಸಿಜನ್ ಎಂದು ಹೆಸರಿಟ್ಟು, ಉರಿಯುವುದೆಂದರೆ ಅದರೊಡನೆ ಕೂಡುವುದು ಎಂದು ತಿಳಿಸಿದವರು ಲವಾಸಿಯೆ. ಸ್ವೀಡನ್ನಿನ ಶೀಲೆ ಇವರಿಗಿಂತ ಮೊದಲೇ ಅದನ್ನು ತಯಾರಿಸಿದ್ದರೂ ಪ್ರಕಟಿಸಿದ್ದು 1777ರಲ್ಲಿ. ಒಂದು ಅಂಕದ ಉತ್ತರ ಅಷ್ಟು ಸರಳವಲ್ಲ, ಆದರೂ ಪರೀಕ್ಷೆಯಲ್ಲಿ ಪ್ರೀಸ್ಟ್ಲಿ ಎಂದೇ ಬರೆಯಿರಿ.

1780ರಲ್ಲಿ ಬರ್ಮಿಂಗ್‌ಹ್ಯಾಮಿಗೆ ಬಂದರು. ಉಗಿಯಂತ್ರದ ಜೇಮ್ಸ್ ವಾಟ್ ಮೊದಲಾದವರು ಹುಣ್ಣಿಮೆಯ ಆಸುಪಾಸಿನಲ್ಲಿ ಸೇರುತ್ತಿದ್ದ ಗೆಳೆಯರ ಕೂಟ ಅಲ್ಲಿತ್ತು. ರಾತ್ರಿ ಮನೆಗೆ ಹೋಗಲು ಬೆಳಕು ಬೇಕಲ್ಲ, ಅದಕ್ಕೆ ಹುಣ್ಣಿಮೆ. ಅವರ ಬದುಕಿನ ಒಳ್ಳೆಯ ವರ್ಷಗಳು ಅವು. ಆದರೆ ಧರ್ಮದ ಬಗ್ಗೆ, ಫ್ರಾನ್ಸಿನ ಕ್ರಾಂತಿಯ ಪರವಾಗಿ ಅವರು ಬರೆದದ್ದು ಹಲವರನ್ನು ಕೆರಳಿಸಿತ್ತು. 1791ರ ಜುಲೈ 14ರಂದು ಕ್ರಾಂತಿಯ ನೆನಪಿಗೆ ಏರ್ಪಟ್ಟ ಔತಣದ ನೆಪದಲ್ಲಿ ಗುಂಪು ದಂಗೆಯೆದ್ದಿತು. ಔತಣಕ್ಕೆ ಅವರು ಹೋಗಿರಲೇ ಇಲ್ಲ, ಆದರೂ ಗುಂಪು ಅವರ ಮನೆಗೆ ನುಗ್ಗಿತು. ಮನೆಯಲ್ಲಿ ಬೆಂಕಿಯನ್ನೆಲ್ಲ ಮೊದಲೇ ಆರಿಸಿಟ್ಟಿದ್ದರು. ಕಿಡಿ ಸಿಗದ ಗುಂಪು ಅವರದೇ ವಿದ್ಯುತ್ ಯಂತ್ರದಿಂದ ಕಿಡಿ ಎಬ್ಬಿಸಲು ಹೆಣಗಿತಂತೆ. ಕೊನೆಗೆ ಮನೆ, ಪ್ರಯೋಗಶಾಲೆ, ಪುಸ್ತಕ, ಹಸ್ತಪ್ರತಿ ಎಲ್ಲ ಬೂದಿಯಾಯಿತು. ಬೆಂಕಿಯ ಗುಟ್ಟು ಹುಡುಕಿದವರ ಮನೆಯೇ ಬೆಂಕಿಗೆ ಹೋಯಿತು. ಸಂಸಾರದ ಪ್ರಾಣ ಮಾತ್ರ ಉಳಿಯಿತು.

1794ರ ಏಪ್ರಿಲ್‌ನಲ್ಲಿ ಹೆಂಡತಿಯೊಡನೆ ಅಮೆರಿಕಕ್ಕೆ ಹಡಗು ಹತ್ತಿದರು. ಅವರಿನ್ನೂ ಸಮುದ್ರದ ಮೇಲಿದ್ದಾಗ, ಮೇ 8ರಂದು, ಅವರು ಮೆಚ್ಚಿದ್ದ ಅದೇ ಕ್ರಾಂತಿ ಪ್ಯಾರಿಸ್ಸಿನಲ್ಲಿ ಲವಾಸಿಯೆಯ ತಲೆ ಕಡಿಯಿತು.

ಗೆಳೆಯರು ಅವರ ಮಾತನ್ನು ಮರೆಯಲಿಲ್ಲ. ಅದೇ ವರ್ಷ ಕ್ಷಯದಿಂದ ಮಗಳನ್ನು ಕಳೆದುಕೊಂಡ ಜೇಮ್ಸ್ ವಾಟ್, ವೈದ್ಯ ಥಾಮಸ್ ಬೆಡೋಸ್ ಜೊತೆ ಸೇರಿ, ರೋಗಿಗಳಿಗೆ ಗಾಳಿ ಕುಡಿಸುವ ಸಲಕರಣೆಗಳನ್ನು ಮಾಡಿದರು. ನಾನು ಹೊತ್ತು ತಿರುಗುವ ಸಲಕರಣೆಗಳ ಮುತ್ತಜ್ಜ ಅದು. ಅನಿಲ ತುಂಬುತ್ತಿದ್ದುದು ಎಣ್ಣೆ ಸವರಿದ ರೇಷ್ಮೆಯ ಚೀಲದಲ್ಲಿ! ರೇಷ್ಮೆ ಅಂದಕೂಡಲೇ ರಾಮನಗರದವರ ಕಿವಿ ನೆಟ್ಟಗಾಗುತ್ತದೆ. ಎಣ್ಣೆ ಅಂದಕೂಡಲೇ ನನ್ನ ಎದೆ ಝಲ್ ಎನ್ನುತ್ತದೆ. ಅವರ ಚೀಲದಲ್ಲಿ ಒತ್ತಡವಿರಲಿಲ್ಲ, ನಡೆಯಿತು. ಇಂದಿನ ತುಂಬಿದ ಸಿಲಿಂಡರಿನಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 150 ಕಿಲೋ ಒತ್ತಡ. ಆ ಒತ್ತಡದಲ್ಲಿ ವಾಲ್ವಿಗೆ ತಗುಲಿದ ಎಣ್ಣೆ, ಗ್ರೀಸು ಕಿಡಿಯಿಲ್ಲದೆಯೂ ಹೊತ್ತಿಕೊಳ್ಳಬಲ್ಲದು. ಸೈಕಲ್ ಪಂಪು ಒತ್ತಿದಾಗ ಬಿಸಿಯಾಗುತ್ತದಲ್ಲ, ವಾಲ್ವನ್ನು ಒಮ್ಮೆಲೇ ತಿರುಗಿಸಿದರೆ ರೆಗ್ಯುಲೇಟರಿನೊಳಗೆ ಆಗುವುದೂ ಅದೇ, ನೂರು ಪಟ್ಟು ಜೋರಾಗಿ. ಬಿಗಿಯಾದ ವಾಲ್ವಿಗೆ ಕೊಬ್ಬರಿ ಎಣ್ಣೆ ಬಿಡಬಾರದು, ತಲೆಗೆ ಎಣ್ಣೆ ತಟ್ಟಿದ ಕೈಯಲ್ಲಿ ಮುಟ್ಟಬಾರದು, ನಿಧಾನವಾಗಿಯೇ ತಿರುಗಿಸಬೇಕು. ನಳಿಕೆ ಉಜ್ಜಿ ಮೂಗು ಒಣಗಿದರೆ ವ್ಯಾಸಲೀನ್ ಸವರದೆ, ನೀರಿನಂಶದ ಜೆಲ್ ಕೇಳಿ ತರಬೇಕು. ಚನ್ನಪಟ್ಟಣದಲ್ಲಿ ಮನೆಯ ಮುಂಭಾಗದಲ್ಲೇ ಗೊಂಬೆ ಕಡೆಯುವ ಲೇತ್ ಇರುತ್ತದೆ. ಮರದ ಪುಡಿ, ಅರಗು, ಯಂತ್ರದ ಎಣ್ಣೆ ಮೂರೂ ಇರುವ ಆ ಕೋಣೆಗೆ ಸಿಲಿಂಡರ್ ಇಳಿಸಲು ನಾನು ಒಪ್ಪುವುದಿಲ್ಲ, ಎಷ್ಟೇ ಜಗಳವಾಗಲಿ.

2021ರ ಮೇ ತಿಂಗಳಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಒಂದು ದಿನದಲ್ಲಿ 24 ಜನ ಸತ್ತ ಸುದ್ದಿ ಬಂದ ಮೇಲೆ, ಆಕ್ಸಿಜನ್ ಸಿಗದೇ ಹೋದೀತೆಂಬ ಭಯಕ್ಕೆ ಬಹಳ ಜನ ಸಿಲಿಂಡರ್ ಕೊಂಡಿಟ್ಟುಕೊಂಡರು. ಈಗಲೂ ಕೆಲವು ಮನೆಗಳಲ್ಲಿ ಮಂಚದ ಕೆಳಗೆ ಮಲಗಿವೆ. ಐದು ವರ್ಷಕ್ಕೊಮ್ಮೆ ಒತ್ತಡದ ಪರೀಕ್ಷೆಯಾಗದ ಸಿಲಿಂಡರನ್ನು ತುಂಬಿಸಬಾರದು. ಮೈ ಕಪ್ಪು, ಹೆಗಲು ಬಿಳಿ ಇದ್ದರೆ ಅದು ವೈದ್ಯಕೀಯ ಆಕ್ಸಿಜನ್. ಪೂರ್ತಿ ಕಪ್ಪಾದರೆ ವೆಲ್ಡಿಂಗಿನದು, ರೋಗಿಗೆ ಬೇಡ. ನಿಲ್ಲಿಸಿಟ್ಟು ಗೋಡೆಗೆ ಸರಪಳಿ ಕಟ್ಟಬೇಕು. ಎಷ್ಟು ಹೊತ್ತು ಬರುತ್ತದೆಂದು ಎಲ್ಲರೂ ಕೇಳುತ್ತಾರೆ, ಲೆಕ್ಕ ಸುಲಭ: ಸಣ್ಣದರಲ್ಲಿ ಸುಮಾರು 1,500 ಲೀಟರ್, ದೊಡ್ಡದರಲ್ಲಿ 7,000. ನಿಮಿಷಕ್ಕೆ ಎರಡು ಲೀಟರಿನಂತೆ ಸಣ್ಣದು ಹನ್ನೆರಡು ಗಂಟೆ, ದೊಡ್ಡದು ಎರಡು ದಿನ ದಾಟುತ್ತದೆ. ಕಾನ್ಸನ್‌ಟ್ರೇಟರ್ ಇದ್ದವರೂ ಕರೆಂಟ್ ಹೋಗುವ ರಾತ್ರಿಗೆಂದು ಒಂದು ಸಣ್ಣ ಸಿಲಿಂಡರ್ ಇಟ್ಟುಕೊಳ್ಳುವುದು ಒಳ್ಳೆಯದು.

ಅಮೆರಿಕದಲ್ಲಿ ಪ್ರೀಸ್ಟ್ಲಿ ನೆಲೆಸಿದ್ದು ಪೆನ್ಸಿಲ್ವೇನಿಯಾದ ನಾರ್ಥಂಬರ್‌ಲೆಂಡ್ ಎಂಬ ಸಣ್ಣ ಊರಿನಲ್ಲಿ. ಮೊದಲ ಎರಡು-ಮೂರು ವರ್ಷಗಳಲ್ಲಿ ಮಗ ಹೆನ್ರಿ, ಹೆಂಡತಿ ಮೇರಿ ಇಬ್ಬರೂ ಹೋದರು. ಪ್ರಯೋಗಶಾಲೆಯನ್ನು ಮತ್ತೆ ಕಟ್ಟಿದರು, ಫ್ಲಾಜಿಸ್ಟನ್ ಪರ ಕೊನೆಯ ವಾದವನ್ನೂ ಬರೆದರು, ಯಾರೂ ಒಪ್ಪಲಿಲ್ಲ. 1804ರ ಫೆಬ್ರುವರಿ 6ರ ಬೆಳಿಗ್ಗೆ ಹಾಸಿಗೆಯಿಂದಲೇ ಒಂದು ಬರಹದ ತಿದ್ದುಪಡಿ ಹೇಳಿ ಬರೆಸಿದರು. ಓದಿಸಿ ಕೇಳಿ, ಸರಿಯಾಗಿದೆ ಎಂದು ಒಪ್ಪಿದ ಸ್ವಲ್ಪ ಹೊತ್ತಿಗೆ ಉಸಿರು ನಿಂತಿತು.

ಕನಕಪುರದ ಬಳಿ ಒಬ್ಬ ಯಜಮಾನರಿದ್ದಾರೆ, ಕ್ರಷರಿನಲ್ಲಿ ದುಡಿದವರು. ಬೀಡಿ ಬಿಡಲೇಬೇಕೆಂದು ವೈದ್ಯರೂ ಹೇಳಿದ್ದಾರೆ, ಮಗಳೂ ಅತ್ತಿದ್ದಾಳೆ. ಕತೆಯನ್ನು ಅವರಿಗೆ ಎರಡು ಸಲ ಹೇಳಿದ್ದೇನೆ. ಇಲಿ ಬದುಕಿತಾ ಎಂದು ಎರಡೂ ಸಲ ಕೇಳಿದರು. ಬೀಡಿ ದಿನಕ್ಕೆ ಒಂದಕ್ಕೆ ಇಳಿದಿದೆ, ನಿಂತಿಲ್ಲ. ಆ ಒಂದಕ್ಕೆ ಅವರು ಸಿಲಿಂಡರ್ ಮುಚ್ಚಿಸಿ, ಶಾಲು ಕಳಚಿಟ್ಟು, ಬೇಲಿಯಾಚೆಯ ಹುಣಸೆ ಮರದ ಕೆಳಗೆ ಹೋಗಿ ಕೂರುತ್ತಾರೆ. ಇಪ್ಪತ್ತು ನಿಮಿಷ ಆಯಿತೆಂದು ಮಗಳು ಗಡಿಯಾರ ನೋಡಿ ಹೇಳುವವರೆಗೆ ಬೆಂಕಿಪೊಟ್ಟಣ ಅವಳ ಸೆರಗಿನಲ್ಲೇ ಇರುತ್ತದೆ. ಕೆಲವು ದಿನ ಅಷ್ಟು ಹೊತ್ತು ಕೂರಲು ಶಕ್ತಿಯಿಲ್ಲದೆ, ಬೀಡಿ ಹಚ್ಚದೆಯೇ ಒಳಗೆ ಬರುತ್ತಾರಂತೆ.